ಜೆರ್ಬಾದಲ್ಲಿ ನಾನು ಹೌದೆಂದದ್ದು

ಮಸ್ಕತ್ತಿನ ಅಲ್ ಮಬೇಲಾದ ಕಟ್ಟಡ ಸಾಮಗ್ರಿಯ ಅಂಗಡಿಯೊಂದರ ಕೌಂಟರಿನಲ್ಲಿ ನಾನು ನಿಂತು ಹತ್ತೊಂಬತ್ತು ವರ್ಷವಾಯಿತು. ಅದಕ್ಕೂ ಮೊದಲು ಮೂರು ವರ್ಷ ಬುರೈಮಿಯಲ್ಲಿ ಇಂಥದೇ ಇನ್ನೊಂದು ಅಂಗಡಿ. ನನಗೆ ಬರುವ ಅರಬಿಯೆಲ್ಲ ಈ ಎರಡು ಕೌಂಟರುಗಳ ಹಿಂದೆ ನಿಂತು ಕಲಿತದ್ದು. ಪೈಪು, ಎಲ್ಬೋ, ಸಿಮೆಂಟು, ಟೈಲ್ಸು, ಎಷ್ಟು ಬೇಕು, ಯಾವಾಗ ಬೇಕು, ನಾಳೆ ಬರುತ್ತದೆ, ಆ ಮಾಲು ಖಲಾಸ್. ಇಷ್ಟರಲ್ಲಿ ಒಂದು ಅಂಗಡಿ ನಡೆಯುತ್ತದೆ.

ಆದರೆ ನಮ್ಮ ಊರಿನವರ ನಡುವೆ ನಾನು ದೊಡ್ಡ ಅರಬಿ ಪಂಡಿತನಾಗಿದ್ದೆ. ಯಾರದಾದರೂ ಗಾಡಿ ಗುದ್ದಿದರೆ, ಬಾಡಿಗೆ ಕರಾರಿನಲ್ಲಿ ಏನೋ ಬರೆದಿದ್ದರೆ, ಆಸ್ಪತ್ರೆಯಲ್ಲಿ ಮಾತು ತಿಳಿಯದಿದ್ದರೆ ನನಗೆ ಫೋನು ಬರುತ್ತಿತ್ತು. ನಾನು ಹೋಗಿ ಎರಡೂ ಕಡೆಯವರಿಗೆ ನಕ್ಕು, ಅರ್ಧ ಅರಬಿ ಅರ್ಧ ಹಿಂದಿಯಲ್ಲಿ ಸುಧಾರಿಸಿ ಬರುತ್ತಿದ್ದೆ. ಅರ್ಥವಾಗದ ಮಾತಿಗೆ ‘ಐವಾ, ಐವಾ’ ಎನ್ನುವುದು ನನಗೆ ರೂಢಿ. ಐವಾ ಅಂದರೆ ಹೌದು. ಹೌದು ಎಂದವನ ಮೇಲೆ ಯಾರೂ ಸಿಟ್ಟಾಗುವುದಿಲ್ಲ. ನನಗೆ ಭಾಷೆ ಅಷ್ಟು ಬರುವುದಿಲ್ಲ ಎಂಬುದು ನನಗೆ ಗೊತ್ತಿತ್ತು, ಬೇರೆ ಯಾರಿಗೂ ಗೊತ್ತಿರಲಿಲ್ಲ.

ಟುನೀಶಿಯಾಕ್ಕೆ ಹೋಗುವ ಮಾತು ಎತ್ತಿದವಳು ನನ್ನ ಗೆಳೆಯನ ಹೆಂಡತಿ. ಗೆಳೆಯ ಸೊಹಾರಿನ ಅಲ್ಯುಮಿನಿಯಂ ಕಾರ್ಖಾನೆಯಲ್ಲಿ ಟೆಕ್ನೀಷಿಯನ್. ಬೆಳ್ಮಣ್ ಕಡೆಯ ಕೊಂಕಣಿ ಕ್ರೈಸ್ತರು. ನಾವು ಉಡುಪಿಯ ಹತ್ತಿರದ ತುಳುವರು. ನಾವು ಗಂಡಸರು ತುಳುವಿನಲ್ಲಿ ಮಾತಾಡುತ್ತೇವೆ, ನನ್ನ ಹೆಂಡತಿ ಕುಂದಾಪುರದವಳಾದ್ದರಿಂದ ಎಲ್ಲರೂ ಸೇರಿದರೆ ಕನ್ನಡ. ಮೆಡಿಟರೇನಿಯನ್ ಕಡಲಿನ ಜೆರ್ಬಾ ಎಂಬ ದ್ವೀಪದಲ್ಲಿ ಒಂದು ವಾರ, ಕಡಲ ದಂಡೆಯಲ್ಲೇ ಹೋಟೆಲು ಎಂದು ಅವಳು ಫೋನಿನಲ್ಲಿ ತೋರಿಸಿದಳು. ಗೊತ್ತಿಲ್ಲದ ದೇಶ ಎಂದು ಗೆಳೆಯ ಹಿಂದೆಗೆದ. ನಾನೇ ಧೈರ್ಯ ಕೊಟ್ಟೆ. ಅರಬಿ ಊರಲ್ಲವಾ, ನಾನಿದ್ದೇನಲ್ಲ ಎಂದೆ. ನಮ್ಮ ಅಂಗಡಿಯ ಒಮಾನಿ ಯಜಮಾನರನ್ನು ಕೇಳಿದಾಗ ಅವರೂ ಸಂತೋಷಪಟ್ಟರು. ಆ ದ್ವೀಪದಲ್ಲಿ ಒಮಾನಿನವರ ಹಾಗೆಯೇ ಇಬಾದಿ ಎಂಬ ಮುಸ್ಲಿಂ ಪಂಥದವರಿದ್ದಾರೆ, ಒಮಾನಿನಿಂದ ಬಂದೆವೆಂದು ಹೇಳಿ, ನೋಡಿಕೊಳ್ಳುತ್ತಾರೆ ಎಂದರು.

ಹೋದವರು ಐದು ಜನ. ಅವರಿಬ್ಬರು, ನಾನು, ನನ್ನ ಹೆಂಡತಿ, ಹನ್ನೊಂದನೇ ಕ್ಲಾಸಿನಲ್ಲಿದ್ದ ನಮ್ಮ ಮಗಳು.

ವಿಮಾನ ನಿಲ್ದಾಣದಿಂದ ಹೊರಗೆ ಬಂದು ಹಳದಿ ಟ್ಯಾಕ್ಸಿ ಹತ್ತಿ ಹತ್ತು ನಿಮಿಷವಾಗುವುದರೊಳಗೆ ನನಗೆ ವಿಷಯ ತಿಳಿಯಿತು. ಡ್ರೈವರ್ ಆಡುತ್ತಿದ್ದದ್ದು ಅರಬಿಯೇ. ಆದರೆ ಅದು ನಾನು ಕೇಳಿದ ಅರಬಿಯಲ್ಲ. ಅಕ್ಷರಗಳನ್ನು ನುಂಗಿ, ನಡುನಡುವೆ ಫ್ರೆಂಚು ಸೇರಿಸಿ, ಜಾರುಬಂಡೆಯ ಮೇಲೆ ಬಿಟ್ಟ ಹಾಗೆ ಅವನ ಮಾತು ಹೋಗುತ್ತಿತ್ತು. ಹತ್ತು ಮಾತಿನಲ್ಲಿ ಒಂದು ಸಿಕ್ಕಿದರೆ ನನ್ನ ಪುಣ್ಯ. ಹಿಂದಿನ ಸೀಟಿನಿಂದ ಗೆಳೆಯನ ಹೆಂಡತಿ, ‘ಎಂತ ಹೇಳ್ತಾನೆ ಅಣ್ಣ?’ ಎಂದು ಕೇಳಿದಳು. ಈ ವರ್ಷ ಆಲಿವ್ ಬೆಳೆ ಚೆನ್ನಾಗಿದೆಯಂತೆ ಎಂದೆ. ಕಿಟಕಿಯ ಹೊರಗೆ ಆಲಿವ್ ಮರಗಳು ಕಂಡವು, ಅದಕ್ಕೆ ಹಾಗೆ ಹೇಳಿದೆ. ಅದೇ ಮೊದಲ ಸುಳ್ಳು. ಅದರಿಂದ ಯಾರಿಗೂ ನಷ್ಟವಾಗಲಿಲ್ಲ.

ಮೊದಲೆರಡು ದಿನ ಚೆನ್ನಾಗಿಯೇ ಕಳೆದವು. ಕಡಲು ನಮ್ಮ ಮಲ್ಪೆಯ ಕಡಲಿನ ಹಾಗಲ್ಲ. ಅಬ್ಬರವಿಲ್ಲ, ಮೊಣಕಾಲಷ್ಟು ನೀರಿನಲ್ಲಿ ನಡೆದಷ್ಟೂ ದೂರ ಹೋಗಬಹುದು. ಪೇಟೆಯ ಮೀನಿನ ಹರಾಜಿನಲ್ಲಿ ಒಬ್ಬ ಎತ್ತರದ ಕುರ್ಚಿಯ ಮೇಲೆ ಕೂತು ಮೀನಿನ ಮಾಲೆಯನ್ನು ಎತ್ತಿ ಹಿಡಿದು ಕೂಗುತ್ತಿದ್ದ. ಹಿಂದಿನ ಕಾಲದಲ್ಲಿ ಬಂದು ನೆಲೆಸಿದ ಮಾಲ್ಟಾದ ಮೀನುಗಾರರು ಕಟ್ಟಿಸಿದ ಇಗರ್ಜಿಯಲ್ಲಿ ಗೆಳೆಯನ ಹೆಂಡತಿ ಮೊಂಬತ್ತಿ ಹಚ್ಚಿದಳು. ಅಲ್ಲಿಂದ ಸ್ವಲ್ಪ ದೂರದ ಹಳ್ಳಿಯಲ್ಲಿ ಯಹೂದಿಗಳ ಬಹಳ ಹಳೆಯ ದೇಗುಲ, ದಾರಿಯುದ್ದಕ್ಕೂ ಸುಣ್ಣ ಬಳಿದ ಗಿಡ್ಡ ಗಿಡ್ಡ ಮಸೀದಿಗಳು. ಎಲ್ಲ ಕಡೆಯೂ ನಾನೇ ಮುಂದೆ. ತಿಳಿಯದ್ದನ್ನು ಕಣ್ಣಿಗೆ ಕಂಡದ್ದರಿಂದ ತುಂಬಿಸಿ ಕನ್ನಡದಲ್ಲಿ ಹೇಳುತ್ತಿದ್ದೆ. ಗೆಳೆಯ ಒಮ್ಮೆ ಫೋನಿನ ಅನುವಾದದ ಆ್ಯಪು ತೆಗೆದು ಒಬ್ಬ ದೋಣಿಯವನ ಮುಂದೆ ಹಿಡಿದ. ಅವನ ಆಡುಮಾತು ಅದಕ್ಕೂ ಹತ್ತಲಿಲ್ಲ, ಏನೇನೋ ಅಸಂಬದ್ಧ ಬಂತು. ಎಲ್ಲರೂ ನಕ್ಕೆವು. ಮಿಷನ್ನಿಗೆ ಆಗುವ ಕೆಲಸವಲ್ಲ ಎಂದು ನಾನು ದೊಡ್ಡದಾಗಿ ಹೇಳಿದೆ.

ಮೂರನೆಯ ದಿನ ದಕ್ಷಿಣದ ಕುಂಬಾರರ ಹಳ್ಳಿಗೆ ಹೋದೆವು. ಅಲ್ಲಿ ಆಕ್ಟೋಪಸ್ ಹಿಡಿಯಲು ಕಡಲಿಗೆ ಇಳಿಬಿಡುವ ಮಣ್ಣಿನ ಕೊಡಗಳನ್ನು ಮಾಡುತ್ತಾರೆ. ಎರಡು ಸಣ್ಣ ಕೊಡ ಕೊಂಡೆವು. ಅದು ಮುಗಿದ ಮೇಲೆ ಹತ್ತಿರದ ಕಡಲಿಗೆ ನಡೆದೇ ಹೋಗುವ ಎಂದು ಹೊರಟೆವು. ಮಧ್ಯಾಹ್ನದ ಹೊತ್ತು, ಹಸಿವು. ಗೆಳೆಯ ಚಡ್ಡಿ ಹಾಕಿಕೊಂಡು, ಗಾಳಿ ತುಂಬಿಸಿದ ಹಳದಿ ಈಜು ಟ್ಯೂಬನ್ನು ಹೆಗಲಿಗೆ ನೇತುಹಾಕಿಕೊಂಡಿದ್ದ. ಅವನ ಹೆಂಡತಿಯ ತಲೆಯ ಮೇಲೆ ಕೆಂಪು ಹೂವಿನ ದೊಡ್ಡ ಟೋಪಿ.

ಆಲಿವ್ ಮರಗಳ ನಡುವಿನ ಮಣ್ಣು ದಾರಿಯಲ್ಲಿ ಒಂದು ಬಿಳಿಯ ಮನೆ ಸಿಕ್ಕಿತು. ಗೇಟು ತೆರೆದಿತ್ತು. ಅಂಗಳದಲ್ಲಿ ಬಾಡಿಗೆಗೆ ತಂದಂತೆ ಒಂದೇ ಬಣ್ಣದ ಪ್ಲಾಸ್ಟಿಕ್ ಕುರ್ಚಿಗಳು, ಅವುಗಳಲ್ಲಿ ಇಪ್ಪತ್ತು ಮೂವತ್ತು ಗಂಡಸರು. ಮೂಲೆಯಲ್ಲಿ ದೊಡ್ಡ ಪಾತ್ರೆಯಿಂದ ಆವಿ ಏಳುತ್ತಿತ್ತು. ಗೇಟಿನ ಬಳಿ ಒಬ್ಬ ಮುದುಕರು ನಿಂತಿದ್ದರು. ಇದು ಹೋಟೆಲಾ ಎಂದು ಕೇಳು ಎಂದ ಗೆಳೆಯ. ನಾನು ಸಲಾಂ ಹೇಳಿ, ಎದೆಯ ಮೇಲೆ ಕೈಯಿಟ್ಟು, ನಾವು ಒಮಾನಿನಿಂದ ಬಂದವರು ಎಂದೆ. ಯಜಮಾನರು ಹೇಳಿಕೊಟ್ಟದ್ದನ್ನೇ ಹೇಳಿದೆ.

ಮುದುಕರು ನನ್ನ ಎರಡೂ ಕೈಗಳನ್ನು ಹಿಡಿದುಕೊಂಡರು. ಅವರ ಕಣ್ಣು ತುಂಬಿತು. ಒಮಾನ್, ಒಮಾನ್ ಎಂದು ಒಳಗಿನವರಿಗೆ ಕೇಳುವಂತೆ ಹೇಳಿದರು. ಮತ್ತೆ ನನ್ನ ಕಡೆ ತಿರುಗಿ ಉದ್ದಕ್ಕೆ ಏನೋ ಹೇಳಿದರು. ಅದರಲ್ಲಿ ನನಗೆ ಸಿಕ್ಕಿದ್ದು ಒಂದೇ ಮಾತು: ಫರ್ಕ್. ಆ ಮಾತು ನನಗೆ ಚೆನ್ನಾಗಿ ಗೊತ್ತು. ಕೌಂಟರಿನಲ್ಲಿ ದಿನಕ್ಕೆ ಹತ್ತು ಸಲ ಬರುತ್ತದೆ. ನಮ್ಮ ಕನ್ನಡದಲ್ಲೂ ಉಂಟಲ್ಲ, ಫರಕು. ಈ ಪೈಪಿಗೂ ಆ ಪೈಪಿಗೂ ಏನು ಫರಕು ಎಂದು ಕೇಳುತ್ತಾರೆ.

‘ನಿಮಗೂ ನಮಗೂ ಏನೂ ಫರಕಿಲ್ಲ, ಊಟ ಮಾಡಿಕೊಂಡು ಹೋಗಿ ಅಂತಾರೆ,’ ಎಂದು ನಾನು ನಮ್ಮವರಿಗೆ ಹೇಳಿದೆ.

ಆ ಕಡೆ ಸಾವಿನ ಮೂರನೆಯ ದಿನಕ್ಕೆ ಫರ್ಕ್ ಎನ್ನುತ್ತಾರೆ. ಅಗಲುವ ದಿನ. ಅದು ನನಗೆ ತಿಳಿದದ್ದು ಆಮೇಲೆ.

ನಾವು ಒಳಗೆ ಹೋದೆವು. ಹೆಂಗಸರನ್ನು ಒಳಮನೆಗೆ ಕರೆದುಕೊಂಡು ಹೋದರು. ನನ್ನನ್ನೂ ಗೆಳೆಯನನ್ನೂ ಗಂಡಸರ ನಡುವೆ, ಒಳ್ಳೆಯ ಜಾಗದಲ್ಲಿ ಕೂರಿಸಿದರು. ಗೆಳೆಯ ಟ್ಯೂಬನ್ನು ಗೋಡೆಗೆ ಒರಗಿಸಿಟ್ಟ. ದೊಡ್ಡ ಮಣ್ಣಿನ ತಟ್ಟೆಯಲ್ಲಿ ಕುಸ್ಕುಸ್ ಬಂತು; ಗೋಧಿಯ ಸಣ್ಣ ಕಾಳು, ನಮ್ಮ ಉಪ್ಪಿಟ್ಟಿನ ಹಾಗೆ, ಮೇಲೆ ಕಡಲೆ, ಕುರಿಮಾಂಸ. ಗೆಳೆಯ ಹಸಿದಿದ್ದ, ಬಗ್ಗಿ ತಿನ್ನತೊಡಗಿದ. ನಡುವೆ ತಲೆಯೆತ್ತಿ, ಭಾರಿ ಜನ ಮಾರಾಯ, ಗುರುತು ಪರಿಚಯ ಇಲ್ಲದಿದ್ದರೂ ನೋಡು ಎಂದ. ಒಳಮನೆಯಿಂದ ಅವನ ಹೆಂಡತಿಯ ನಗು ಕೇಳುತ್ತಿತ್ತು. ಆ ಇಡೀ ಮನೆಯಲ್ಲಿ ನಗುತ್ತಿದ್ದವರು ಬೇರೆ ಯಾರೂ ಇರಲಿಲ್ಲ. ಅದು ನನ್ನ ಕಿವಿಗೆ ಬಿತ್ತು, ಆದರೆ ತಲೆಗೆ ಹೋಗಲಿಲ್ಲ.

ಪಕ್ಕದಲ್ಲಿದ್ದವರು ಒಮಾನಿನಲ್ಲಿ ಎಲ್ಲಿ ಎಂದು ಕೇಳಿದರು. ಇದು ತಿಳಿಯಿತು. ಮಸ್ಕತ್, ಮಬೇಲಾ ಎಂದೆ. ಬುರೈಮಿ ಎಂದು ಅವರೇ ಹೆಸರು ತೆಗೆದರು. ನನಗೆ ಖುಷಿಯಾಯಿತು. ಬುರೈಮಿ ಗೊತ್ತು, ಅಲ್ಲಿ ಇದ್ದವನು ನಾನು ಎಂದೆ. ಅದು ಸುಳ್ಳಲ್ಲ. ಮಾತು ಕುರ್ಚಿಯಿಂದ ಕುರ್ಚಿಗೆ ಹೋಯಿತು. ಗೇಟಿನಲ್ಲಿದ್ದ ಮುದುಕರು ಒಳಗೆ ಹೋಗಿ ಒಂದು ಚೌಕಟ್ಟಿನ ಫೋಟೋ ತಂದು ನನ್ನ ಮಡಿಲಲ್ಲಿ ಇಟ್ಟರು. ಹಳೆಯ ಬಣ್ಣದ ಫೋಟೋ. ಒಂದು ಶಾಲೆಯ ಮುಂದೆ ದಪ್ಪ ಮೀಸೆಯ ಮೇಷ್ಟ್ರೊಬ್ಬರು. ಸುತ್ತ ಬಿಳಿ ನಿಲುವಂಗಿ, ಕಸೂತಿಯ ಟೋಪಿ ಹಾಕಿದ ಒಮಾನಿ ವಿದ್ಯಾರ್ಥಿಗಳು.

ಮುದುಕರು ಮೇಷ್ಟ್ರ ಮೇಲೆ ಬೆರಳಿಟ್ಟು, ನನ್ನ ಅಣ್ಣ ಎಂದು ಹೇಳಿ, ‘ತಾರ್ಫೂ?’ ಎಂದು ಕೇಳಿದರು.

ಇವರು ಗೊತ್ತಾ ಎಂದು ಅರ್ಥ. ಇಲ್ಲಿ ನಾನು ಭಾಷೆ ಬರಲಿಲ್ಲ ಎಂದು ಹೇಳಿಕೊಳ್ಳುವ ಹಾಗಿಲ್ಲ. ಅಂಗಡಿಗೆ ಬಂದವರು ಇಂಥ ಮೇಸ್ತ್ರಿ ಗೊತ್ತಾ, ಇಂಥ ಡ್ರೈವರ್ ಗೊತ್ತಾ ಎಂದು ಅದೇ ಮಾತಿನಲ್ಲಿ ಕೇಳುತ್ತಾರೆ. ನನಗೆ ಸ್ಪಷ್ಟವಾಗಿ ತಿಳಿಯಿತು. ಗೊತ್ತಿಲ್ಲ ಎಂದರೆ ಸಾಕಿತ್ತು. ಆದರೆ ಅಂಗಳದ ಅಷ್ಟೂ ಮುಖಗಳು ನನ್ನ ಕಡೆ ತಿರುಗಿದ್ದವು. ನನ್ನ ಬಾಯಲ್ಲಿ ಅವರ ಮನೆಯ ಊಟವಿತ್ತು.

‘ಐವಾ,’ ಎಂದೆ.

ಮುದುಕರು ಕಣ್ಣು ಮುಚ್ಚಿ, ‘ಅಲ್ಲಾ ಯರ್ಹಮೂ,’ ಎಂದರು. ದೇವರು ಅವರಿಗೆ ಕರುಣೆ ತೋರಲಿ. ಸುತ್ತಲಿದ್ದವರೂ ಅದನ್ನೇ ಹೇಳಿದರು. ಸತ್ತವರ ವಿಷಯದಲ್ಲಿ ಮಾತ್ರ ಹೇಳುವ ಮಾತದು, ಒಮಾನಿನಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಆಗ ನನಗೆ ಎಲ್ಲವೂ ಒಟ್ಟಿಗೆ ಕಂಡಿತು. ಕಿಟಕಿಯಲ್ಲಿ ಯಾರೋ ಇಟ್ಟ ಫೋನಿನಿಂದ ಸಣ್ಣಗೆ ಬರುತ್ತಿದ್ದದ್ದು ಹಾಡಲ್ಲ, ಕುರಾನಿನ ಪಠಣ. ಗಂಡಸರ ಕಣ್ಣು ಕೆಂಪಾಗಿದ್ದದ್ದು ಬಿಸಿಲಿಗಲ್ಲ. ಗೋಡೆಗೆ ಒರಗಿಸಿದ್ದ ಹಳದಿ ಟ್ಯೂಬು.

ಗೆಳೆಯ ಬಾಗಿ, ‘ಎಂತ ಹೇಳ್ತಾರೆ?’ ಎಂದ.

‘ಇವರ ಅಣ್ಣ ಒಮಾನಿನಲ್ಲಿ ಮೇಷ್ಟ್ರಾಗಿದ್ದರಂತೆ.’

‘ಹೌದಾ? ಈಗ ಎಲ್ಲಿದ್ದಾರಂತೆ?’

‘ಇಲ್ಲೇ. ಊರಲ್ಲೇ ಇದ್ದಾರಂತೆ,’ ಎಂದೆ.

ನಮ್ಮ ಯಜಮಾನರ ತಂದೆ ತೀರಿಹೋದಾಗ ಸಂತಾಪ ಹೇಳುವ ವಾಕ್ಯವನ್ನು ನಾನು ಬಾಯಿಪಾಠ ಮಾಡಿಕೊಂಡಿದ್ದೆ. ‘ಅಹ್ಸನಲ್ಲಾಹು ಅಝಾಕುಮ್.’ ನನ್ನ ಅರಬಿಯಲ್ಲಿ ತಪ್ಪಿಲ್ಲದೆ ಬರುವ ವಾಕ್ಯ ಅದೊಂದೇ ಇರಬೇಕು. ಅದನ್ನು ಹೇಳಬೇಕಾದ ಜಾಗ ಅದೇ ಆಗಿತ್ತು. ಹೇಳಲಿಲ್ಲ. ಹೇಳಿದರೆ ಗೆಳೆಯ ಏನೆಂದು ಕೇಳುತ್ತಾನೆ, ಅವನಿಗೆ ಹೇಳಿದರೆ ಇಷ್ಟು ಹೊತ್ತು ನಾನು ಹೇಳಿದ್ದೆಲ್ಲ ಸುಳ್ಳೆಂದು ಗೊತ್ತಾಗುತ್ತದೆ. ಅಲ್ಲಿ ಕೂತು ನಾನು ಮಾಡಿದ ಲೆಕ್ಕಾಚಾರ ಇಷ್ಟೇ.

ಸ್ವಲ್ಪ ಹೊತ್ತಿಗೆ ಮುದುಕರು ನನ್ನನ್ನು ಒಳಮನೆಯ ಹೊಸ್ತಿಲಿಗೆ ಕರೆದುಕೊಂಡು ಹೋದರು. ಅಲ್ಲಿ ಬಿಳಿ ಹೊದಿಕೆ ಹೊದ್ದ ವಯಸ್ಸಾದ ಹೆಂಗಸು ಕೂತಿದ್ದರು. ಮೇಷ್ಟ್ರ ಹೆಂಡತಿ. ಪಕ್ಕದಲ್ಲಿ ಕಾಲೇಜಿಗೆ ಹೋಗುವ ವಯಸ್ಸಿನ ಒಬ್ಬಳು ಹುಡುಗಿ, ಅವಳ ಹತ್ತಿರ ನನ್ನ ಮಗಳು. ಇಬ್ಬರೂ ಇಂಗ್ಲಿಷಿನಲ್ಲಿ ಏನೋ ಮಾತಾಡುತ್ತಿದ್ದವರು ನನ್ನನ್ನು ಕಂಡು ನಿಲ್ಲಿಸಿದರು. ಮಗಳ ಮುಖ ಬಿಳಿಚಿಕೊಂಡಿತ್ತು. ಅಜ್ಜಿ ನಿಧಾನವಾಗಿ, ನನಗೆ ತಿಳಿಯಲಿ ಎಂದೇ ಬಿಡಿಬಿಡಿಯಾಗಿ ಒಂದು ಪ್ರಶ್ನೆ ಕೇಳಿದರು. ಒಮಾನ್ ಎಂದು ಕೇಳಿತು. ಬರುವುದು ಎಂಬ ಅರ್ಥದ ಮಾತು ಕೇಳಿತು. ನಾವು ಮತ್ತೆ ಬರುತ್ತೇವಾ ಎಂದು ಕೇಳುತ್ತಿದ್ದಾರೆ ಎಂದುಕೊಂಡೆ. ಅಲ್ಲಿಂದ ಬೇಗ ಹೊರಬೀಳಬೇಕಿತ್ತು. ಮಾಲು ಯಾವಾಗ ಬರುತ್ತದೆಂದು ಕೇಳುವ ಗಿರಾಕಿಗೆ ಹೇಳುವ ಮಾತೇ ನಾಲಗೆಗೆ ಬಂತು.

‘ಬುಕ್ರಾ, ಇನ್ಶಾ ಅಲ್ಲಾ.’ ನಾಳೆ, ದೇವರಿಚ್ಛೆ.

ಅಜ್ಜಿ ತಲೆಯಾಡಿಸಿದರು. ಎದೆಯ ಮೇಲೆ ಕೈಯಿಟ್ಟುಕೊಂಡು ಏನೋ ಹರಸಿದರು. ಮಗಳು ನೆಲ ನೋಡುತ್ತಿದ್ದಳು.

ಹೊರಡುವಾಗ ನಮಗೆ ಒಂದು ಕ್ಯಾನು ಆಲಿವ್ ಎಣ್ಣೆ ಕೊಟ್ಟರು, ಮನೆಯ ಮರಗಳದ್ದು. ಗೆಳೆಯ, ಅವನ ಹೆಂಡತಿ, ನನ್ನ ಹೆಂಡತಿ ಮುಂದೆ ಹೋದರು. ಆ ಹುಡುಗಿ ಗೇಟಿನ ತನಕ ನಮ್ಮ ಜೊತೆ ಬಂದಳು. ಸತ್ತ ಮೇಷ್ಟ್ರ ಮೊಮ್ಮಗಳು ಅವಳು. ಇಂಗ್ಲಿಷಿನಲ್ಲಿ, ಸಿಟ್ಟಿಲ್ಲದೆ, ಮೆಲ್ಲಗೆ ಹೇಳಿದಳು: ‘ನೀವು ನನ್ನ ಅಜ್ಜನನ್ನು ನೋಡಿದವರಲ್ಲ ಎಂದು ನಿಮ್ಮ ಮಗಳು ಹೇಳಿದಳು. ಒಮಾನಿನಿಂದ ಇನ್ನೂ ಬೇರೆ ಯಾರಾದರೂ ಬರುತ್ತಾರಾ ಎಂದು ಅಜ್ಜಿ ನಿಮ್ಮನ್ನು ಕೇಳಿದ್ದು. ನೀವು ನಾಳೆ ಬರುತ್ತಾರೆ ಎಂದಿರಿ. ಈಗ ಅವರು ನಾಳೆಗೆ ಕಡಲೆ ನೆನೆಹಾಕಲು ಹೇಳುತ್ತಿದ್ದಾರೆ. ನಾನು ಏನು ಹೇಳಲಿ?’

ಸಾರಿ ಎಂದೆ. ಅದನ್ನೂ ಎರಡು ಸಲ ಹೇಳಿದೆ.

‘ಅವರು ಇನ್ನೇನಾದರೂ ಕೇಳುವ ಮೊದಲು ಹೋಗಿ,’ ಎಂದಳು.

ದಾರಿಯಲ್ಲಿ ಗೆಳೆಯನ ಹೆಂಡತಿ ಫೋಟೋಗಳನ್ನು ನೋಡುತ್ತ ನಗುತ್ತ ನಡೆದಳು. ಒಳಗೆ ಎಷ್ಟು ಜನ ಅಪ್ಪಿಕೊಂಡರು, ಕೈಯಾರೆ ತಿನ್ನಿಸಿದರು ಎಂದೆಲ್ಲ ಹೇಳಿದಳು. ನನ್ನ ಹೆಂಡತಿ ಮಾತ್ರ, ಏನೋ ಕಾರ್ಯದ ಮನೆಯ ಹಾಗಿತ್ತಲ್ಲ ಎಂದಳು. ಅವರ ಕಡೆ ಹಬ್ಬ ಹಾಗೆಯೇ ಎಂದೆ. ಮಗಳು ಹತ್ತು ಹೆಜ್ಜೆ ಹಿಂದೆ ಬರುತ್ತಿದ್ದಳು. ಆ ದಿನ ಅವಳು ನೀರಿಗಿಳಿಯಲಿಲ್ಲ.

ಮರುದಿನ ನಾವು ಹೋಟೆಲಿನ ಮುಂದಿನ ದಂಡೆಯಲ್ಲೇ ಇದ್ದೆವು. ಆ ಹಳ್ಳಿಗೆ ಟ್ಯಾಕ್ಸಿಯಲ್ಲಿ ಅರ್ಧ ಗಂಟೆಯ ದಾರಿ. ಬೆಳಿಗ್ಗೆ ಹತ್ತಕ್ಕೆ ಮಗಳು ಪ್ಯಾಂಟು, ಉದ್ದ ತೋಳಿನ ಅಂಗಿ ಹಾಕಿಕೊಂಡು ನನ್ನ ಕುರ್ಚಿಯ ಹತ್ತಿರ ಬಂದು ನಿಂತಳು. ‘ಪಪ್ಪ, ಆರ್ ವೀ ಗೋಯಿಂಗ್?’ ಎಂದಳು. ಎಲ್ಲಿಗೆ ಎಂದು ಕೇಳುವಷ್ಟು ನಾಟಕ ನನ್ನಿಂದ ಆಗಲಿಲ್ಲ. ತಲೆನೋವು ಎಂದೆ. ಅವಳು ಓಕೆ ಎಂದು ಕೋಣೆಗೆ ಹೋದಳು. ಹಿಂದಿನ ದಿನದ್ದನ್ನು ಗಾಬರಿಯಲ್ಲಿ ಆದದ್ದು ಎಂದು ಹೇಳಬಹುದೇನೋ. ಆ ಬೆಳಗಿನದು ಹಾಗಲ್ಲ. ನಾನು ಛತ್ರಿಯ ಕೆಳಗೆ ಸಂಜೆಯ ತನಕ ಕೂತಿದ್ದೆ. ಕಡಲು ತುಂಬ ಚೆನ್ನಾಗಿತ್ತು. ಅಲ್ಲಿ ಯಾರೋ ನಮ್ಮ ದಾರಿ ಕಾಯುತ್ತಿದ್ದಾರೆ ಎಂದು ಗೊತ್ತಿದ್ದೂ ಕೂತಿದ್ದೆ.

ಮಬೇಲಾಕ್ಕೆ ಬಂದ ಮೇಲೆ ಆ ಊಟದ ಕತೆ ನಮ್ಮವರಲ್ಲಿ ಹಬ್ಬಿತು. ಗೆಳೆಯ ಹೋದ ಕಡೆಯೆಲ್ಲ ಹೇಳಿದ. ಶುಕ್ರವಾರ ಯಾರ ಮನೆಯಲ್ಲಾದರೂ ಸೇರಿದರೆ, ಫರಕಿಲ್ಲ ಎಂದು ಕರೆದರಲ್ಲ ಅದನ್ನು ನೀನೇ ಹೇಳು ಎಂದು ನನ್ನ ಕಡೆ ತಿರುಗುತ್ತಿದ್ದ. ನಾನು ಹೇಳುತ್ತಿದ್ದೆ. ಒಂದೊಂದು ಸಲ ಹೇಳುವಾಗಲೂ ಮಗಳು ಎದ್ದು ಒಳಗೆ ಹೋಗುತ್ತಿದ್ದಳು. ಹೆಂಡತಿ ಆ ಎಣ್ಣೆಯನ್ನು ಮೊದಲು ಸಲಾಡಿಗೆ, ಆಮೇಲೆ ಮೀನು ಹುರಿಯಲು ಬಳಸಿದಳು. ನಾನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಎಣ್ಣೆ ಹೆಚ್ಚಾಯಿತು ಎಂದು ದೂರಿದೆ.

ಎರಡು ತಿಂಗಳಾದ ಮೇಲೆ ಒಂದು ದಿನ ಕಾರಿನಲ್ಲಿ ಟ್ಯೂಷನ್ನಿಗೆ ಬಿಡಲು ಹೋಗುವಾಗ ಮಗಳು ತಾನಾಗಿ ಮಾತೆತ್ತಿದಳು. ಆ ಮೊಮ್ಮಗಳ ಜೊತೆ ಅವಳು ಇನ್‌ಸ್ಟಾಗ್ರಾಮಿನಲ್ಲಿ ಮಾತಾಡುತ್ತಿದ್ದಳಂತೆ. ನಿಜ ಹೇಳಿದರೂ ಅಜ್ಜಿ ನಂಬಲಿಲ್ಲವಂತೆ. ಎರಡು ದಿನ ಅಡುಗೆ ಮಾಡಿಸಿ ಕಾದರಂತೆ. ಆಮೇಲೆ, ಒಮಾನ್ ಬಹಳ ದೂರ, ಪಾಪ ಅವರಿಗೆ ಮನೆ ಸಿಕ್ಕಿರಲಿಕ್ಕಿಲ್ಲ ಎಂದರಂತೆ. ಇದನ್ನು ಹೇಳಿ ಮಗಳು ಕಿಟಕಿಯ ಕಡೆ ತಿರುಗಿದಳು. ಮುಂದಿನ ಸಿಗ್ನಲಿನಲ್ಲಿ ನಾನು, ಆ ಮೇಷ್ಟ್ರ ಶಾಲೆಯ ಫೋಟೋ ನಿನ್ನ ಹತ್ತಿರ ಉಂಟಾ ಎಂದು ಕೇಳಿದೆ. ಇತ್ತು. ಮೊಮ್ಮಗಳು ಕಳಿಸಿದ್ದಳಂತೆ. ದೊಡ್ಡದು ಮಾಡಿ ನೋಡಿದರೆ ಶಾಲೆಯ ಬೋರ್ಡಿನ ಅರ್ಧ ಹೆಸರು ಓದಲು ಬರುತ್ತಿತ್ತು.

ಶನಿವಾರ ರಜೆ ಹಾಕಿ ಇಬ್ಬರೂ ಬುರೈಮಿಗೆ ಹೋದೆವು. ನಾನು ಬಿಟ್ಟಾಗ ಇದ್ದ ಊರಲ್ಲ ಅದು. ಆದರೂ ಹಳೆಯ ಅಂಗಡಿ ಸಾಲಿನಲ್ಲಿ ಒಬ್ಬ ಮಲಯಾಳಿ ದರ್ಜಿ ಇನ್ನೂ ಇದ್ದ. ಅವನು ಫೋಟೋ ನೋಡಿ, ವಾಹನ ವಿಮೆ ಮಾಡಿಸುವ ಒಬ್ಬ ಒಮಾನಿಯವರ ಹತ್ತಿರ ಕಳಿಸಿದ. ಅವರು ಆ ಶಾಲೆಯಲ್ಲಿ ಓದಿದವರು, ಐವತ್ತರ ಆಸುಪಾಸಿನವರು. ಫೋನು ಕೈಗೆ ತೆಗೆದುಕೊಂಡವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಎಡಗಡೆಯಿಂದ ಮೂರನೆಯವನು ನಾನೇ ಎಂದರು.

ನಾನು ಅರಬಿಯಲ್ಲಿ ಒಂದು ಮಾತೂ ಆಡಲಿಲ್ಲ. ಅವರಿಗೆ ಒಳ್ಳೆಯ ಹಿಂದಿ ಬರುತ್ತಿತ್ತು. ಹಿಂದಿಯಲ್ಲಿ ಮೊದಲಿನಿಂದ ಕೊನೆಯ ತನಕ ಹೇಳಿದೆ. ಹಳದಿ ಟ್ಯೂಬು, ಐವಾ ಎಂದದ್ದು, ನಾಳೆ ಎಂದದ್ದು, ಮರುದಿನ ತಲೆನೋವು ಎಂದದ್ದು. ಮಗಳ ಮುಂದೆ ಹೇಳಿದೆ. ನಾನು ಮುಗಿಸಿದ ಮೇಲೆ, ಮೇಷ್ಟ್ರು ತೀರಿಹೋದದ್ದು ತನಗೆ ಗೊತ್ತೇ ಇರಲಿಲ್ಲ ಎಂದರು. ಆ ಮನೆಯ ನಂಬರು ಕೊಡಿ ಎಂದರು.

ಮಗಳು ಮೊಮ್ಮಗಳಿಗೆ ಮೆಸೇಜು ಹಾಕಿದಳು. ಹತ್ತು ನಿಮಿಷದಲ್ಲಿ ಫೋನು ಬಂತು, ಆ ಕಡೆ ಅಜ್ಜಿಯೇ. ಒಮಾನಿಯವರು ಎದ್ದು ನಿಂತು ಮಾತಾಡಿದರು. ಶಾಲೆಯ ಪುಸ್ತಕದ ಅರಬಿಯಲ್ಲಿ, ಬಿಡಿಸಿ ಬಿಡಿಸಿ. ನನಗೆ ಅರ್ಧ ತಿಳಿಯಿತು. ಉಳಿದದ್ದನ್ನು ಅವರು ಆಮೇಲೆ ಹೇಳಿದರು. ಕಡಲನ್ನೇ ಕಾಣದ ಬುರೈಮಿಯ ವಿದ್ಯಾರ್ಥಿಗಳನ್ನು ಆ ಮೇಷ್ಟ್ರು ಒಂದು ಸಲ ಬಸ್ಸು ಮಾಡಿ ಸೊಹಾರಿನ ಕಡಲಿಗೆ ಕರೆದುಕೊಂಡು ಹೋಗಿದ್ದರಂತೆ. ಒಬ್ಬೊಬ್ಬರನ್ನೇ ಅಂಗೈಯ ಮೇಲೆ ಮಲಗಿಸಿ ತೇಲುವುದು ಕಲಿಸಿದ್ದರಂತೆ. ಅದನ್ನು ಅವರು ಅಜ್ಜಿಗೆ ಹೇಳುತ್ತಿದ್ದರು. ಆ ಕಡೆಯಿಂದ ನಗುವೋ ಅಳುವೋ ಕೇಳಿತು.

ಆಮೇಲೆ ಅಜ್ಜಿ ಏನೋ ಕೇಳಿದರು. ಒಮಾನಿಯವರು ನನ್ನ ಕಡೆ ಒಮ್ಮೆ ನೋಡಿ, ಹೌದು ಎಂದರು. ಗೊತ್ತು ಎಂದರು. ‘ಹುಮ್ ಮಿನ್ನಾ’ ಎಂದರು. ಅವರು ನಮ್ಮವರೇ ಎಂದು ಅರ್ಥ. ಅದು ನನಗೆ ತಿಳಿಯಿತು.

ಫೋನು ಇಟ್ಟ ಮೇಲೆ ಕಾವಾ, ಅಂದರೆ ಅಲ್ಲಿನ ಏಲಕ್ಕಿ ಕಾಫಿ, ತರಿಸಿದರು, ಖರ್ಜೂರ ಮುಂದಿಟ್ಟರು. ಮರ್ಯಾದೆಯಲ್ಲಿ ಏನೂ ಕೊರತೆ ಮಾಡಲಿಲ್ಲ. ಲೋಟ ತುಂಬಿಸುತ್ತ ಹೇಳಿದರು: ‘ನೀವು ಯಾರೆಂದು ಕೇಳಿದರು. ನಮ್ಮವರೇ, ಮೇಷ್ಟ್ರನ್ನು ಬಲ್ಲವರೇ ಎಂದೆ. ನನ್ನ ಮೇಷ್ಟ್ರ ಮನೆಯವರ ಜೊತೆ ಮೂವತ್ತು ವರ್ಷದ ಮೇಲೆ ಮೊದಲ ಸಲ ಮಾತಾಡಿದ್ದು. ಅದರಲ್ಲಿ ಒಂದು ಸುಳ್ಳು ಹೇಳಬೇಕಾಯಿತು.’

ನಾನು ಖರ್ಜೂರ ಕೈಯಲ್ಲಿ ಹಿಡಿದು ಕೂತಿದ್ದೆ. ಅವರು ಮತ್ತೆ ಆ ವಿಷಯ ಎತ್ತಲಿಲ್ಲ. ಮಗಳನ್ನು ಯಾವ ಕ್ಲಾಸು ಎಂದು ವಿಚಾರಿಸಿದರು. ಗೇಟಿನ ತನಕ ಬಂದು ಕಳಿಸಿದರು. ಆ ವರ್ಷವೇ ಅವರು ಇನ್ನಿಬ್ಬರು ಹಳೆಯ ವಿದ್ಯಾರ್ಥಿಗಳ ಜೊತೆ ಜೆರ್ಬಾಕ್ಕೆ ಹೋಗಿಬಂದರು ಎಂದು ಆಮೇಲೆ ಮಗಳಿಂದ ತಿಳಿಯಿತು. ನನಗೆ ಅವರು ಹೇಳಿರಲಿಲ್ಲ. ಹೇಳಬೇಕಾದ ಕಾರಣವೂ ಇರಲಿಲ್ಲ.

ಬುರೈಮಿಯಿಂದ ಬಂದ ಮರುವಾರ ಗೆಳೆಯನನ್ನೂ ಅವನ ಹೆಂಡತಿಯನ್ನೂ ಮನೆಗೆ ಕರೆದೆ. ಊಟಕ್ಕೆ ಮೊದಲೇ ಹೇಳಿದೆ. ನನ್ನ ಹೆಂಡತಿಗೂ ಅದೇ ಮೊದಲ ಸಲ ತಿಳಿದದ್ದು. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು. ಗೆಳೆಯ ಮೊದಲು ನಕ್ಕ, ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡ. ಆಮೇಲೆ, ನಾನು ಚಡ್ಡಿಯಲ್ಲಿದ್ದೆ ಮಾರಾಯ ಎಂದ. ಅದನ್ನೇ ಮತ್ತೊಮ್ಮೆ ಹೇಳಿದ. ಅವನ ಹೆಂಡತಿ ಫೋನು ತೆಗೆದು ಒಂದೊಂದೇ ಫೋಟೋ ಅಳಿಸುತ್ತ ಕೂತಳು. ಕೊನೆಗೆ ತಲೆಯೆತ್ತದೆ ಹೇಳಿದಳು:

‘ಹೊರಡುವಾಗ ಬಾಗಿಲ ಹತ್ತಿರ ಒಬ್ಬರು ಹೆಂಗಸು ನನ್ನ ಕೈ ಹಿಡ್ಕೊಂಡು ಅಳ್ತಿದ್ರು ಅಣ್ಣ. ಯಾಕೆ ಅಂತ ನಾನು ನಿಮ್ಮತ್ರ ಕೇಳಿದೆ. ಖುಷಿಗೆ ಅಂತ ಹೇಳಿದ್ರಿ ನೀವು. ನಾನು ಅವರ ಜೊತೆ ನಗ್ಲಿಕ್ಕೆ ಹೋದೆ.’

ನನಗೆ ಅದು ನೆನಪೇ ಇರಲಿಲ್ಲ. ಎಷ್ಟು ಹುಡುಕಿದರೂ ಈಗಲೂ ನೆನಪಾಗುವುದಿಲ್ಲ. ಆದರೆ ಅವಳು ಸುಳ್ಳು ಹೇಳುವವಳಲ್ಲ, ಮತ್ತು ಆ ಹೊತ್ತಿಗೆ ಆ ಮನೆಯಲ್ಲಿ ಏನಾಗಿದೆ ಎಂದು ನನಗೆ ಪೂರ್ತಿ ಗೊತ್ತಿತ್ತು.

ಅವರು ಊಟ ಮಾಡಿಯೇ ಹೋದರು. ಜಗಳವೇನೂ ಆಗಲಿಲ್ಲ. ಗೆಳೆಯ ಈಗಲೂ ಸೊಹಾರಿನಿಂದ ಬಂದರೆ ಮನೆಗೆ ಬರುತ್ತಾನೆ, ಹೆಚ್ಚಾಗಿ ಒಬ್ಬನೇ. ಆ ಪ್ರವಾಸದ ಮಾತನ್ನು ಯಾರೂ ಎತ್ತುವುದಿಲ್ಲ. ಮೊನ್ನೆ ಹೆಂಡತಿ ಆ ಎಣ್ಣೆಯ ಖಾಲಿ ಕ್ಯಾನನ್ನು ತೊಳೆದು, ಇದನ್ನು ಬಿಸಾಡಲಾ ಎಂದು ಕೇಳಿದಳು. ಮಗಳು, ‘ಬೇಡ ಮಮ್ಮಿ, ಲೆಟ್ ಇಟ್ ಬಿ,’ ಎಂದು ತೆಗೆದುಕೊಂಡು ಹೋಗಿ ತನ್ನ ಕೋಣೆಯ ಕಿಟಕಿಯಲ್ಲಿಟ್ಟಳು.